ಮೇಸ್ತ್ರಿಯ ಮಗಳ ಎಂಜಿನ್

ಬೀದಿಯವರು ಅವಳಿಗೆ ಸೈರನ್ ಅಂತ ಹೆಸರಿಟ್ಟಿದ್ದರು. ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವವಳು ಅನ್ನುವುದು ಅದಕ್ಕೆ ಅರ್ಧ ಕಾರಣ, ಇನ್ನರ್ಧ ಅವಳ ಬಾಯಿ. ದಾರಿ ಬಿಡದ ಗಾಡಿಯವನನ್ನು ಅವಳು ಕಿಟಕಿಯಿಂದ ತಲೆ ಹೊರಹಾಕಿ ಬೈದರೆ ಅವನು ಆವತ್ತು ಪೂರ್ತಿ ಯಾರಿಗೂ ಹಾರ್ನ್ ಹೊಡೆಯುತ್ತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಅಂತ ನೆಂಟರು ಹೇಳುತ್ತಿದ್ದರು. ಮದುವೆಯ ವಿಚಾರ ಎತ್ತಿದವರಿಗೆ ಅವಳು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಂಥ ಬಾಯಿಯವಳು ಒಂದು ವಿಷಯದಲ್ಲಿ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು ಅಂದರೆ ಯಾರೂ ನಂಬಲಾರರು. ಕೂತಿದ್ದಳು. ಅದರ ಕಥೆಯೇ ಇದು.

ಅವಳ ಅಪ್ಪ ದೊಡ್ಡ ವರ್ಕ್‌ಷಾಪಿನಲ್ಲಿ ಮೇಸ್ತ್ರಿಯಾಗಿದ್ದವನು. ಅಲ್ಲಿಗೆ ಬರುತ್ತಿದ್ದ ಒಂದು ಕಂದು ಕಾರಿನ ಮೇಲೆ ಅವನಿಗೆ ಮೊದಲಿಂದ ಕಣ್ಣು. ಡಬ್ಬದ ಆಕಾರ, ಚೌಕಾಕಾರದ ದೀಪ, ಒಳಗೆ ಟರ್ಬೊ ಇದ್ದ ಎಂಜಿನ್. ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಆ ಚಕ್ರ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ. ಕಾಲು ಒತ್ತಿದರೆ ಸಣ್ಣಗೆ ಸಿಳ್ಳೆ ಹಾಕುತ್ತಾ ಗಾಡಿ ಹಾರುತ್ತದೆ. ಎಂಜಿನ್ ಒಡೆದು ಮಾಲೀಕನಿಗೆ ಬೇಡವಾದಾಗ ಮೇಸ್ತ್ರಿ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ಮನೆ ಪಕ್ಕದ ಷೆಡ್ಡಿನಲ್ಲಿ ನಿಲ್ಲಿಸಿದ. ನಾನೂ ಮಗನೂ ಸೇರಿ ಇದನ್ನು ಎಬ್ಬಿಸುತ್ತೇವೆ ಅಂತ ಕಂಡಕಂಡವರಿಗೆಲ್ಲ ಹೇಳಿದ.

ಮಗನ ಕೈಗೆ ಸ್ಪ್ಯಾನರು, ಮಗಳ ಕೈಗೆ ಟಾರ್ಚು. ಆ ಷೆಡ್ಡಿನ ಕಾಯಿದೆ ಅದು. ಮಗ ಆಕಳಿಸುತ್ತಾ ಸ್ಪ್ಯಾನರು ತಿರುಗಿಸುತ್ತಿದ್ದ, ಬೈಗುಳ ಮಾತ್ರ ಟಾರ್ಚಿನವಳಿಗೆ. ಆದರೆ ಬೆಳಕು ಹಿಡಿದವಳು ಕೆಲಸ ನಡೆಯುವ ಜಾಗದಿಂದ ಕಣ್ಣು ತೆಗೆಯುವ ಹಾಗಿಲ್ಲವಲ್ಲ. ವಿದ್ಯೆಯೆಲ್ಲ ಇವಳಿಗೆ ಹತ್ತಿತು. ಅಣ್ಣ ಬೆಳೆದು ಕಾರಿನ ಸೀಟ್ ಕವರು, ಹಾರ್ನು ಮಾರುವ ಅಂಗಡಿ ಇಟ್ಟ. ಬೀದಿಯವರು ಬಿಡುತ್ತಾರೆಯೇ, ತಂಗಿ ಸೈರನ್ನು, ಅಣ್ಣ ಹಾರ್ನು.

ಕಾರು ಹಾಗೇ ನಿಂತಿತ್ತು, ಅಷ್ಟರಲ್ಲಿ ಮೇಸ್ತ್ರಿಯ ಕಣ್ಣು ಹೋಯಿತು. ಮೊದಲು ಮಂಜು, ಆಮೇಲೆ ಕತ್ತಲೆ. ಒಂದು ಕಿವಿಯೂ ಮಂದವಾಗುತ್ತಾ ಬಂತು. ಇನ್ನೊಂದು ಕಿವಿ ಇರುವಾಗಲೇ ಆ ಟರ್ಬೊ ಸಿಳ್ಳೆ ಒಂದು ಸಲ ಕೇಳಿಬಿಡಬೇಕು ಅನ್ನುವುದೊಂದೇ ಅವನ ಆಸೆ. ಮಗಳು ಅದನ್ನು ಕೇಳಿಸಿಕೊಂಡಳು. ರಜೆಯ ದಿನಗಳಲ್ಲಿ, ಅಪ್ಪನಿಗೆ ಹೇಳದೆಯೇ, ಎಂಜಿನ್ ಇಳಿಸಿದಳು, ಬಿಚ್ಚಿದಳು, ಡೀಸೆಲ್ಲಿನಲ್ಲಿ ತೊಳೆದಳು, ಸವೆದ ಸಿಲಿಂಡರುಗಳ ಒಳಮೈ ಕೊರೆಸಿ ತಂದಳು. ಮೊಣಕೈವರೆಗೆ ಕರಿ ಎಣ್ಣೆ, ಉಗುರಿನ ಸಂದಿಯಲ್ಲಿ ಗ್ರೀಸು.

ಷೆಡ್ಡಿಗೂ ಮನೆಯ ಮುಂದಿನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ, ಅದಕ್ಕೊಂದು ಕಿಟಕಿ, ಕಿಟಕಿಗೆ ಅಂಟಿಕೊಂಡು ಅಪ್ಪನ ಕುರ್ಚಿ. ಒಂದು ಭಾನುವಾರ ಅಣ್ಣ ಬಂದು ಪಕ್ಕದಲ್ಲಿ ಕೂತಾಗ, ಷೆಡ್ಡಿನಲ್ಲಿ ಏನೋ ಸದ್ದಾಗ್ತಿರತ್ತಲ್ಲ ಅಂತ ಅಪ್ಪ ಕೇಳಿದ. ಎಂಜಿನ್ ಬಿಚ್ಚಿದ್ದೀನಿ ಅಪ್ಪ, ನಿನಗೋಸ್ಕರ, ಅಂದ ಅಣ್ಣ. ಅಪ್ಪನ ಮುಖ ಅರಳಿದ್ದನ್ನು ಅವಳು ಕಿಟಕಿಯಾಚೆಯಿಂದ ಕಂಡಳು, ಕೈಯಲ್ಲಿ ಸ್ಪ್ಯಾನರಿತ್ತು. ಮೈಯೆಲ್ಲ ಉರಿದುಹೋಯಿತು. ಆದರೂ ಆ ಮುಖ ನೋಡಿ, ಹಾಳಾಗಿ ಹೋಗಲಿ, ಕೆಲಸ ಆದರೆ ಸಾಕು ಅಂತ ನಾಲಿಗೆ ಕಚ್ಚಿಕೊಂಡಳು. ಅಂದಿನಿಂದ ಪ್ರತಿ ಭಾನುವಾರ ಅಣ್ಣ ಬಂದು ಇವತ್ತು ಪಿಸ್ಟನ್ ಕೂರಿಸಿದೆ, ಇವತ್ತು ಹೆಡ್ ಬಿಗಿದೆ ಅಂತ ವರದಿ ಒಪ್ಪಿಸುತ್ತಿದ್ದ. ಸಂಜೆ ಹರಟೆಗೆ ಬರುವ ವರ್ಕ್‌ಷಾಪಿನ ಹಳೇ ಗೆಳೆಯರ ಮುಂದೆ ಅಪ್ಪ ಎದೆಯುಬ್ಬಿಸಿ, ನನ್ನ ಕೈ ಗುಣ ಮಗನಿಗೆ ಬಂದಿದೆ ಅನ್ನುತ್ತಿದ್ದ. ಅವರಿಗೆಲ್ಲ ಚಹಾ ತಂದುಕೊಡುವವಳು ಇವಳೇ.

ಕೊನೆಗೆ ಎಂಜಿನ್ ಕೂತಿತು. ಉಳಿದಿದ್ದು ಟರ್ಬೊಗೆ ಎಣ್ಣೆ ಕುಡಿಸುವ ಕೆಲಸ. ಆ ಪುಟ್ಟ ಚಕ್ರ ತಿರುಗುವ ವೇಗಕ್ಕೆ ಅದರ ಬೇರಿಂಗಿಗೆ ಎಣ್ಣೆ ಸಿಗದಿದ್ದರೆ ಕೂಡಲೇ ಸುಟ್ಟುಹೋಗುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಅದರ ಬಾಯಿಗೆ ಕೈಯಾರೆ ಎಣ್ಣೆ ಹಾಕಿ, ಆಮೇಲೆ ಎಣ್ಣೆಯ ಪೈಪು ಬಿಗಿಯಬೇಕು. ರಜೆ ಸಿಕ್ಕಾಗ ಮಾಡೋಣವೆಂದು ಅವಳು ಪೈಪನ್ನು ಬಿಚ್ಚಿಯೇ ಇಟ್ಟು, ಧೂಳು ಬೀಳದಿರಲೆಂದು ಟರ್ಬೊದ ಬಾಯಿಗೆ ಒಂದು ತುಂಡು ಬಟ್ಟೆ ಸಿಕ್ಕಿಸಿದಳು. ಮರೆಯಬಾರದೆಂದು ಬಟ್ಟೆಯ ಬಾಲ ಹೊರಗೆ ಕಾಣುವಂತೆ ಬಿಟ್ಟಿದ್ದಳು.

ಅಣ್ಣನಿಗೆ ತಾಳ್ಮೆಯೆಲ್ಲಿ. ಅವಳು ಡ್ಯೂಟಿಯಲ್ಲಿದ್ದಾಗ, ಹಳೇ ಕಾರುಗಳ ಹುಚ್ಚಿರುವ ತನ್ನ ಗೆಳೆಯರನ್ನು ಕರೆದುಕೊಂಡು ಬಂದು ಬಾನೆಟ್ ಎತ್ತಿದ. ಎಣ್ಣೆ ಕುಡಿಸಿದೆಯಾ ಅಂತ ಅಪ್ಪ ಕಿಟಕಿಯಿಂದ ಕೇಳಿದ. ಆಗಲೇ ಕುಡಿಸಾಯ್ತು ಅಂದ ಇವನು. ಎಂಜಿನ್ನಿಗೆ ಎಣ್ಣೆ ಹಾಕಿರುವುದು ಅಳತೆಕಡ್ಡಿಯಲ್ಲಿ ಕಾಣುತ್ತಿತ್ತು, ಅದೇ ಇರಬೇಕು ಅಂದುಕೊಂಡ. ಪೈಪು ನೇತಾಡುತ್ತಿತ್ತು, ಬಟ್ಟೆಯ ಬಾಲ ಹೊರಗೆ ಚಾಚಿತ್ತು. ಸೀಟ್ ಕವರಿನವನ ಕೈ ಅಲ್ಲವೇ, ಎಲ್ಲಿ ಬಟ್ಟೆಯ ಅಂಚು ಎದ್ದಿದ್ದರೂ ಅದು ತಾನಾಗಿಯೇ ಹೋಗಿ ಒಳಗೆ ತುರುಕುತ್ತದೆ. ಬಾಲವನ್ನು ಬೆರಳಿನಿಂದ ನೀಟಾಗಿ ಒಳಗೆ ತಳ್ಳಿ, ಮೇಲೆ ಪೈಪು ಬಿಗಿದು, ಮೊಳೆಗೆ ನೇತುಹಾಕಿದ್ದ ಕೀ ತೆಗೆದುಕೊಂಡು ಸ್ಟಾರ್ಟ್ ಮಾಡಿದ.

ಎಂಜಿನ್ ಎದ್ದಿತು. ಗೆಳೆಯರು ಚಪ್ಪಾಳೆ ತಟ್ಟಿದರು. ಅಣ್ಣ ಕಾಲು ಒತ್ತಿದ. ಸಿಳ್ಳೆ ಎದ್ದು, ಏರಿ, ಕಿರುಚಾಟವಾಯಿತು. ಅಪ್ಪ ಕುರ್ಚಿಯಿಂದ ಎದ್ದು, ನಿಲ್ಲಿಸು, ಎಣ್ಣೆಯಿಲ್ಲ, ನಿಲ್ಲಿಸು ಅಂತ ಗೋಡೆ ಗುದ್ದಿದ. ಆ ಸದ್ದಿನಲ್ಲಿ ಮಾತು ಕೇಳದ ಅವರು ಖುಷಿಗೆ ಗುದ್ದುತ್ತಿದ್ದಾನೆ ಅಂತ ತಿಳಿದರು. ಕಿರುಚಾಟ ತಾನಾಗಿಯೇ ನಿಂತಾಗ ಷೆಡ್ಡಿನ ತುಂಬ ನೀಲಿ ಹೊಗೆ.

ಅವಳು ಡ್ಯೂಟಿ ಮುಗಿಸಿ ಬಂದಿದ್ದು ಆ ಹೊಗೆಯೊಳಗೆ. ಅವಳನ್ನು ಕಂಡವನೇ ಅಣ್ಣ ಗೆಳೆಯರ ಕಡೆ ತಿರುಗಿ, "ಪೈಪ್ ಲೂಸ್ ಬಿಟ್ಟು ಹೋಗಿದ್ದಾಳೆ ನಮ್ಮ ತಂಗಿ. ತೊಳೆಯೋದು ಒರೆಸೋದು ಒಂದೇ ಅವಳ ಕೆಲಸ, ಅದನ್ನೂ ನೆಟ್ಟಗೆ ಮಾಡಿಲ್ಲ," ಅಂದ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಅವಳು ಬೈಯಲಿಲ್ಲ. ಅದೇ ಭಯಂಕರವಾಗಿತ್ತು. ಸುಮ್ಮನೆ ಸ್ಪ್ಯಾನರು ತೆಗೆದುಕೊಂಡು ಬಿಸಿ ನಟ್ಟು ಬಿಚ್ಚಿ, ಇಕ್ಕಳದಿಂದ ಕಪ್ಪಾದ ಬಟ್ಟೆಯ ತುಂಡನ್ನು ಎಳೆದು ಅಣ್ಣನ ಮೂಗಿನ ಮುಂದೆ ಹಿಡಿದಳು.

"ಇದು ಎಲ್ಲಿತ್ತು?"

ಅಣ್ಣ ಮುಖ ಹಿಂದಕ್ಕೆ ಎಳೆದುಕೊಂಡ.

"ಇದನ್ನ ತೆಗೆದು ಪೈಪ್ ಹಾಕಬೇಕು ಅಂತ ಎಂಜಿನ್ ಜೋಡಿಸಿದವರಿಗೆ ಗೊತ್ತಿರತ್ತೆ. ನೀನು ಒಂದು ದಿನ, ಒಂದೇ ಒಂದು ದಿನ ಇದರಲ್ಲಿ ಕೈ ಇಟ್ಟಿದ್ದರೆ ನಿನಗೂ ಗೊತ್ತಿರ್ತಿತ್ತು."

ಗೆಳೆಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅಣ್ಣನೂ ಅವರ ಹಿಂದೆಯೇ ಜಾರಿಕೊಂಡ. ಅವಳು ಕೈ ತೊಳೆದು ಒಳಗೆ ಬಂದಾಗ ಅಪ್ಪ ತಲೆ ತಗ್ಗಿಸಿ ಕೂತಿದ್ದ. ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದ. ಸಮಾಧಾನ ಮಾಡುವ ದನಿಯಲ್ಲಿ, "ಕೆಲಸ ನಿನ್ನದು ಅಂತ ನನಗೆ ಮೊದಲಿಂದ ಗೊತ್ತಿತ್ತು," ಅಂದ. "ಅವನು ನಟ್ಟು ಬಿಗಿಯೋವಾಗ ಆಕಳಿಸ್ತಾನೆ. ನೀನು ಬೈತೀಯ. ಎರಡು ವರ್ಷದಿಂದ ಷೆಡ್ಡಲ್ಲಿ ಬರೀ ಬೈಗುಳ ಕೇಳ್ತಿದ್ದೀನಿ."

ಹೊಗಳಿದೆ ಅಂದುಕೊಂಡಿದ್ದ, ಪಾಪ. ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದ. ಅಣ್ಣ ಸುಳ್ಳು ಹೇಳಿದ್ದು ಅವಳಿಗೆ ಹೊಸದಲ್ಲ, ಅವನ ಹುಟ್ಟುಗುಣವೇ ಅದು. ಅಪ್ಪನಿಗೆ ತಿಳಿದಿಲ್ಲ ಅನ್ನುವ ಒಂದೇ ನಂಬಿಕೆಯ ಮೇಲೆ ಅವಳು ಎಲ್ಲವನ್ನೂ ನುಂಗಿದ್ದಳು.

"ಗೊತ್ತಿದ್ದೂ ಅವನ ಬೆನ್ನು ತಟ್ತಿದ್ದೆಯಾ? ನಾನು ಆ ಕಡೆ ನಿಂತು ಕೇಳಿಸ್ಕೊಳ್ತಿದ್ದೀನಿ ಅಂತಲೂ ಗೊತ್ತಿತ್ತಾ?"

ಅಪ್ಪ ತಡವರಿಸಿದ. ಮಗನಿದ್ದೂ ಮಗಳು ಗ್ರೀಸಿನಲ್ಲಿ ಬಿದ್ದು ಒದ್ದಾಡುತ್ತಿದ್ದಾಳೆ ಅಂದರೆ ಆ ನಾಲ್ಕು ಜನರ ಮುಂದೆ ತನ್ನ ಮಾನ ಏನಾಗಬೇಕು ಅಂದ. ಹೊಟ್ಟೆಗೆ ಹಾಕಿಕೋ ಅಂದ. ಅವಳು ತಟ್ಟೆಗೆ ಊಟ ಬಡಿಸಿ, ಅದನ್ನು ಅವನ ಮುಂದೆ ಬೇಕಾದುದಕ್ಕಿಂತ ಜೋರಾಗಿಯೇ ಇಟ್ಟಳು.

ಮಾರನೆಯ ಸಂಜೆ ಅಪ್ಪನ ಹಳೇ ಗೆಳೆಯರು ಬಂದರು. ಗಾಡಿ ಏನಾಯ್ತು ಮೇಸ್ತ್ರಿ ಅಂತ ಕೇಳಿದರು. ಚೂರು ತೊಂದರೆ ಆಯ್ತು, ಮಗ ಸರಿ ಮಾಡ್ತಾನೆ, ಅಂದ ಅಪ್ಪ. ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳು ಹಾಗೇ ಹಿಂದಕ್ಕೆ ತಿರುಗಿ ಆ ಚಹಾವನ್ನು ಬಚ್ಚಲಿಗೆ ಸುರಿದಳು. ಅವರು ಹೋದ ಮೇಲೆ ಅಪ್ಪನ ಮುಂದೆ ಬಂದು ನಿಂತಳು.

"ಟರ್ಬೊ ನಾನು ಸರಿ ಮಾಡ್ತೀನಿ. ಆದ್ರೆ ಕೀ ನನ್ನ ಹತ್ರ ಇರತ್ತೆ. ಯಾರು ಜೋಡಿಸಿದ್ದು ಅಂತ ನೀನು ಅವರ ಮುಂದೆ ಬಾಯಿಬಿಟ್ಟು ಹೇಳೋವರೆಗೂ ಇದು ಸ್ಟಾರ್ಟ್ ಆಗಲ್ಲ."

ಹಾಗಾದರೆ ನಾನು ಸತ್ತ ಮೇಲೆ ಸ್ಟಾರ್ಟ್ ಮಾಡಿಕೋ ಅಂದ ಅಪ್ಪ. ಆಗಲಿ ಅಂದಳು ಮಗಳು. ಇಬ್ಬರದೂ ಒಂದೇ ರಕ್ತ.

ಅವಳು ಹೊಸ ಬೇರಿಂಗು ಹಾಕಿದಳು, ಚಕ್ರದ ಸುಟ್ಟ ಕಂಬಿ ಬದಲಿಸಿದಳು, ಕೈಯಾರೆ ಎಣ್ಣೆ ಕುಡಿಸಿ ಪೈಪು ಬಿಗಿದಳು. ಈ ಸಲ ನಟ್ಟಿಗೂ ಬೈಯಲಿಲ್ಲ. ಆಚೆ ಕುರ್ಚಿಯಲ್ಲಿ ಅಪ್ಪ ಕಿವಿ ಕಿಟಕಿಗೆ ಕೊಟ್ಟು ಕೂತಿರುತ್ತಿದ್ದ, ಅವನಿಗೆ ಬೈಗುಳವೂ ಸಿಗಲಿಲ್ಲ. ಮಾತ್ರೆ ಕೊಡುವಾಗ ಮಾತ್ರೆ ಅನ್ನುವಳು, ನೀರು ಕೊಡುವಾಗ ನೀರು ಅನ್ನುವಳು, ಅಷ್ಟೇ. ಅಣ್ಣ ಒಮ್ಮೆ ಬಂದು ಮುದುಕನ ಆಸೆ ಅಲ್ವಾ, ಬಿಟ್ಟುಬಿಡು ಅಂತ ಬುದ್ಧಿ ಹೇಳಲು ಹೋಗಿ, ಬೀದಿಯ ಕೊನೆಯವರೆಗೂ ಸೈರನ್ ಕೇಳಿಸಿಕೊಂಡು ಹೋದ. ಕೆಲಸ ಮುಗಿದ ಮೇಲೂ ಕಾರು ಮಾತಿಲ್ಲದೆ ನಿಂತಿತ್ತು. ಕರೆದರೆ ಅಪ್ಪ ಓಗೊಡುವುದೂ ನಿಧಾನವಾಗುತ್ತಾ ಬಂತು. ಇದ್ದ ಒಂದು ಕಿವಿಯೂ ಕೈಕೊಡುತ್ತಿದೆ ಅಂತ ಅವಳಿಗೆ ಹೆದರಿಕೆಯಾಯಿತು. ಆದರೂ ಕೀ ಸೆರಗಿನ ಗಂಟಿನಲ್ಲೇ ಇತ್ತು.

ಒಂದು ಸಂಜೆ ಗೆಳೆಯರಲ್ಲೊಬ್ಬ, ಎಲ್ಲಿ ನಿಮ್ಮ ಮಗ, ಇನ್ನೂ ಸರಿ ಮಾಡಲಿಲ್ಲವಾ ಅಂತ ಕೇಳಿದ. ಅಪ್ಪ ಕುರ್ಚಿಯ ತೋಳನ್ನು ಸವರಿದ.

"ಮಗ ಏನೂ ಮಾಡಿಲ್ಲ ಕಣಯ್ಯಾ. ಎಂಜಿನ್ ಬಿಚ್ಚಿದ್ದು, ಜೋಡಿಸಿದ್ದು, ಎಲ್ಲಾ ಮಗಳು. ಅವನು ಬಂದು ಸುಳ್ಳು ಹೇಳ್ತಿದ್ದ, ನಾನು ಅದನ್ನ ನಿಮಗೆ ಹೇಳ್ತಿದ್ದೆ."

ಅಡುಗೆಮನೆಯಲ್ಲಿ ಅವಳ ಕೈ ನಿಂತಿತು.

ಗೆಳೆಯ ಕೆಮ್ಮಿ, "ಅದು ನಮಗೆ ಯಾವಾಗಲೋ ಗೊತ್ತು ಮೇಸ್ತ್ರಿ," ಅಂದ. "ಷೆಡ್ಡಿನ ಮುಂದೇನೇ ಅಲ್ವಾ ನಾವು ದಿನಾ ಬರೋದು. ಹುಡುಗಿ ಗಾಡಿ ಕೆಳಗೆ ಮಲಗಿರೋದು ಕಾಣ್ತಿರಲಿಲ್ವಾ? ನಿಮಗೆ ಬೇಜಾರಾಗತ್ತೆ ಅಂತ ಸುಮ್ನಿದ್ವಿ."

ಕಣ್ಣಿದ್ದವರಿಗೂ ಗೊತ್ತಿತ್ತು, ಇಲ್ಲದವನಿಗೂ ಗೊತ್ತಿತ್ತು. ಅವಳ ಕೈಯಿಂದ ಚಹಾ ಕುಡಿದು, ಮಗನನ್ನು ಹೊಗಳಿ ಎದ್ದು ಹೋಗುತ್ತಿದ್ದರು ಎಲ್ಲರೂ. ಬೇಕಾಗಿದ್ದ ಮಾತು ಕೊನೆಗೂ ಸಿಕ್ಕಿತಲ್ಲ, ಇನ್ನು ಕೋಪ ಇಳಿಯುತ್ತದೆ ಅಂತ ಅವಳು ಒಲೆಯ ಮುಂದೆ ನಿಂತು ಕಾದಳು. ಇಳಿಯಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾಯಿತೇ ಅಂತ ಇನ್ನೂ ಏರಿತು.

ಆದರೂ ಕೊಟ್ಟ ಮಾತು ಮಾತೇ. ಒಲೆ ಆರಿಸಿ ಹೊರಗೆ ಬಂದು, ಅಪ್ಪನ ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ ಕಾರಿನಲ್ಲಿ ಪಕ್ಕಕ್ಕೆ ಕೂರಿಸಿದಳು. ಗೆಳೆಯರು ಷೆಡ್ಡಿನ ಬಾಗಿಲು ತೆರೆದು ಅಂಚಿಗೆ ಸರಿದರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಏರುವವರೆಗೂ ಕಾದು, ಬೀದಿ ದಾಟಿಸಿ, ಖಾಲಿ ರಸ್ತೆ ಸಿಕ್ಕಿದಾಗ ಕಾಲು ಒತ್ತಿದಳು.

ಅಪ್ಪ ಸೀಟಿನ ಅಂಚು ಹಿಡಿದುಕೊಂಡ. "ನಿಧಾನ ಕಣಮ್ಮ, ಹೊಸ ಬೇರಿಂಗು. ನೋಡು, ನಾನು ಆವತ್ತೇ ಹೇಳಬೇಕು ಅಂತಿದ್ದೆ, ಆದರೆ ನಿಮ್ಮಣ್ಣ..."

"ಮಾತಾಡಬೇಡ ಅಪ್ಪ," ಅಂದಳು ಅವಳು. ಕೆನ್ನೆ ಒದ್ದೆಯಾಗಿತ್ತು, ದನಿಯಲ್ಲಿ ಮಾತ್ರ ಒಂದು ಹನಿ ಕರುಣೆಯಿರಲಿಲ್ಲ. "ಇಷ್ಟು ದಿನ ನೀನು ಹೇಳಿದ್ದನ್ನೇ ನಾವೆಲ್ಲ ಕೇಳಿದ್ವಿ. ಇವತ್ತು ನಾನು ಮಾಡಿದ್ದನ್ನ ನೀನು ಕೇಳು."

ಅಪ್ಪ ಬಾಯಿ ಮುಚ್ಚಿ, ಕೇಳುವ ಕಿವಿಯನ್ನು ಮುಂದಕ್ಕೆ ಕೊಟ್ಟ.