ಹನ್ನೆರಡನೆಯ ಮಫ್ಲರಿನ ಕುಚ್ಚು

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಫೇಲಾಗಿ ಅಲ್ಲ. ಮಗ್ಗದ ಗುಂಡಿಯಲ್ಲಿ ಕೂತರೆ ನನ್ನ ಕಾಲು ತುಳಿಯುವ ಹಲಗೆಗೆ ಎಟುಕಿತು, ಅಪ್ಪನಿಗೆ ಅಷ್ಟು ಸಾಕಾಯಿತು. ಕಟ್ಟೆಮಳಲವಾಡಿ ಪಕ್ಕದ ನಮ್ಮೂರಿನಲ್ಲಿ ಈಗ ಉಳಿದಿರುವುದು ಅದೊಂದೇ ಮಗ್ಗ. ಗಂಡಸರು ಚಳಿಗೆ ಕತ್ತಿಗೆ ಸುತ್ತಿಕೊಳ್ಳುವ ಮಫ್ಲರ್ ನೇಯುತ್ತೇನೆ. ಡಿಸೈನೂ ನನ್ನದೇ. ಬ್ಯಾರನ್ನಿನ ಬಿಸಿ ಗೂಡಿನಲ್ಲಿ ಬೆಂದ ಹೊಗೆಸೊಪ್ಪಿನ ಬಣ್ಣವನ್ನು ಅಂಚಿಗೆ ತಂದವನು ನಾನು, ಯಾರೂ ಹೇಳಿಕೊಟ್ಟದ್ದಲ್ಲ.

ನಮ್ಮಲ್ಲಿ ಮಗ್ಗವನ್ನು ಬರಿದು ಮಾಡುವುದಿಲ್ಲ. ಬಟ್ಟೆ ಮುಗಿದ ಮೇಲೂ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳೊಳಗೆ ಹಾದ ಹಳೆಯ ನೂಲನ್ನು ಒಂದೆರಡು ಗೇಣು ಹಾಗೇ ಬಿಡುತ್ತೇವೆ. ಅದಕ್ಕೆ ಬಾಲ ಅನ್ನುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಉದ್ದಕ್ಕೆ ಹೂಡುವ ಹೊಸ ಹಾಸಿನ ಒಂದೊಂದು ಎಳೆಯನ್ನೂ ಬಾಲದ ಎಳೆಗೆ ಹೊಸೆದು ಎಳೆದರೆ ತಾನಾಗಿ ಹಣಿಗೆ ದಾಟುತ್ತದೆ. ಒಬ್ಬರೇ ಮಾಡಬಹುದು. ಬಾಲ ಹೋಯಿತೋ, ಆರುನೂರು ಎಳೆಯನ್ನೂ ಹೊಸದಾಗಿ ಪೋಣಿಸಬೇಕು. ಹಿಂದಿನಿಂದ ಒಬ್ಬರು ಕೊಡಬೇಕು, ಮುಂದಿನಿಂದ ಒಬ್ಬರು ಎಳೆಯಬೇಕು.

ಹೊಸೆಯುವ ಕೆಲಸ ನನ್ನ ಹೆಂಡತಿಯದು. ಹೋದ ವರ್ಷ ಅವಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಗ ಮಗ್ಗದ ಮೇಲಿದ್ದದ್ದು ಅವಳೇ ಹೊಸೆದ ಹಾಸು.

ಅದರಲ್ಲೇ ಹುಣಸೂರಿನ ಬಟ್ಟೆ ಅಂಗಡಿ ಸಾಹೇಬರಿಗೆ ಹನ್ನೆರಡು ಮಫ್ಲರ್ ಒಪ್ಪಿಕೊಂಡೆ. ಹಾಸಿನ ಅಳತೆ ಸರಿಯಿತ್ತು. ಆದರೆ ಅಂಚಿನ ಬಣ್ಣ ನೋಡಲು ಎರಡು ಗೇಣು ಮಾದರಿ ನೇಯ್ದು ಕತ್ತರಿಸಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಹನ್ನೆರಡನೆಯದರ ಕೊನೆಗೆ ಬಂದಾಗ ಕುಚ್ಚಿಗೆ ನೂಲಿಲ್ಲ. ಇದ್ದದ್ದು ಬಾಲ ಮಾತ್ರ.

ಬಾಗಿಲ ಹತ್ತಿರ ಕೂತಿದ್ದ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಬಾಲಕ್ಕೆ ಕೈ ಆಕ್‌ಬ್ಯಾಡಿ ಕಣ್ರೀ. ಒಂದಕ್ಕೆ ಕುಚ್ಚಿಲ್ಲ, ಮೊಂಡು ಅಂತ ಏಳ್ಬುಡಿ ಸಾಹೇಬ್ರಿಗೆ."

"ನನ್ ಮಗ್ಗದಿಂದ ಮೊಂಡು ಬಟ್ಟೆ ಓಯ್ತದಾ? ಸುಮ್ಕಿರು."

"ನಿಮ್ ಜಂಬಕ್ಕೆ ಕುಚ್ಚು ಬ್ಯಾರೆ ಕೇಡು" ಎಂದು ನಕ್ಕಳು. ಬಾಯಿ ಒಂದು ಪಕ್ಕಕ್ಕೇ ಎಳೆದಿತ್ತು.

ಬಾಲವನ್ನು ಹಣಿಗೆಯಿಂದ ಎಳೆದುಕೊಂಡೆ. ಸಲೀಸಾಗಿ ಬಂತು. ಕುಚ್ಚು ಕಟ್ಟಿದೆ.

ಅಂಗಡಿಯಲ್ಲಿ ಸಾಹೇಬರು ಒಂದೊಂದನ್ನೂ ಬಿಡಿಸಿ ಅಂಚು ಸವರಿ ನೋಡಿ, ಇನ್ನೂ ಹನ್ನೆರಡು ಬೇಕು ಎಂದರು. ಬಾಲದ ವಿಷಯ ಹೇಳಬೇಕಾಯಿತು.

"ಅರೆ! ಕುಚ್ಚಿಲ್ದಿದ್ರೆ ಅದನ್ನ ನಾನೇ ಸುತ್ಕೊತಿದ್ದೆ ಕಣಯ್ಯಾ. ಚಳೀಲಿ ಕುಚ್ಚು ಯಾರು ನೋಡ್ತಾರೆ?"

ದುಡ್ಡು ಎಣಿಸಿಕೊಂಡು ಹೊರಟೆ.

ಹೊಸ ಹಾಸು ತಂದು, ಅವಳನ್ನು ಮಗ್ಗದ ಹಿಂದೆ ಕೂರಿಸಿದೆ. ಎಡಗೈಯಲ್ಲಿ ಎಳೆ ಕೊಟ್ಟಳು. ಹತ್ತು ಕೊಟ್ಟರೆ ಏಳು ಕೈಜಾರುತ್ತಿತ್ತು. ಐದನೆಯ ದಿನ, "ನನ್ ಕೈಲಾಗಕ್ಕಿಲ್ಲ, ಬುಟ್ಬುಡಿ" ಎಂದಳು. ಬಾಲದ ಮಾತು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ವಾಸಿಯಿತ್ತು. ಆಮೇಲೆ ಒಬ್ಬನೇ ಹಿಂದಕ್ಕೂ ಮುಂದಕ್ಕೂ ಓಡಾಡಿ ಪೋಣಿಸಿದೆ. ಎಳೆ ತಪ್ಪಿ, ಅರ್ಧ ಬಿಚ್ಚಿದೆ. ಈಗ ಬೇರೆಯವರ ಬ್ಯಾರನ್ನಿಗೆ ಸೌದೆ ಒಡೆಯಲು ಹೋಗುತ್ತೇನೆ.

ಮನೆಯಲ್ಲಿರುವುದು ಮಗ್ಗ ಒಂದು, ಲಾಳಿ ಎರಡು, ಹೊಸ ಹಾಸು ಒಂದು. ಆರುನೂರರಲ್ಲಿ ಹಣಿಗೆಯಲ್ಲಿ ನಿಂತಿರುವ ಎಳೆ ನೂರ ಹದಿನಾಲ್ಕು. ಎರಡು ಗೇಣಿನ ಮಾದರಿ ತುಂಡು ಒಂದು.