ತಂತಿಯ ಮೇಲೊಂದು ಸೀರೆ

ಯುದ್ಧ ಮುಗಿದು, ನಾನು ಕೆಲಸಕ್ಕಿದ್ದ ಸೈನ್ಯದ ಲಾರಿ ರಿಪೇರಿ ಶೆಡ್ಡು ಮುಚ್ಚಿದಾಗ ನನಗೆ ಇಪ್ಪತ್ತಾರು ವರ್ಷ. ಹಲಸೂರು ಕೆರೆಯ ಹತ್ತಿರದ ಬಂಗಲೆಯೊಂದರಲ್ಲಿ ಇಂಗ್ಲಿಷ್ ವಿಧವೆಯೊಬ್ಬರಿದ್ದರು. ಅವರ ಕಾರನ್ನು ಎರಡು ಮೂರು ಸಲ ರಿಪೇರಿ ಮಾಡಿಕೊಟ್ಟಿದ್ದೆ. ಇಂಗ್ಲೆಂಡಿಗೆ ಹಡಗು ಹತ್ತುವ ಮುಂಚೆ ಆಕೆ ನನ್ನನ್ನು ಕರೆಸಿ, ಮನೆ ಮಾರಾಟವಾಗುವ ತನಕ ಅಲ್ಲೇ ಇದ್ದು ಕಾಯುತ್ತೀಯಾ ಎಂದು ಕೇಳಿದರು. ಕೆಲಸವಿಲ್ಲದೆ ಕೃಷ್ಣರಾಜಪುರದಲ್ಲಿ ಅಣ್ಣನ ಜಗಲಿಯ ಮೇಲೆ ಕೂತಿದ್ದವನು ನಾನು. ಒಪ್ಪಿಕೊಂಡೆ.

ಆಗ ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಾಗೆ ಬೀಗ ಬಿದ್ದ ಬಂಗಲೆಗಳು ಬಹಳ. ಖಾಲಿ ಎಂದು ಗೊತ್ತಾದರೆ ಹಿತ್ತಾಳೆ ಚಿಲಕ, ನಲ್ಲಿ, ಕಿಟಕಿ ಗಾಜು ಎಲ್ಲ ವಾರದೊಳಗೆ ಮಾಯ. ಅದಕ್ಕೇ ಆಕೆ ಒಂದೇ ಮಾತನ್ನು ಒತ್ತಿ ಹೇಳಿದ್ದರು: ಒಳಗೆ ಸಂಸಾರ ಇದೆ ಅನ್ನಿಸಬೇಕು, ಕೇಳಿದವರಿಗೆ ಹೆಂಡತಿ ಇದ್ದಾಳೆ ಅನ್ನು.

ನನಗೆ ಮದುವೆಯಾಗಿರಲಿಲ್ಲ.

ಬೆಳಗ್ಗೆ ಏಳೂ ಕೋಣೆಗಳ ಕಿಟಕಿ ತೆರೆಯುತ್ತಿದ್ದೆ, ಸಂಜೆ ಮುಚ್ಚುತ್ತಿದ್ದೆ. ಸಾಮಾನೆಲ್ಲ ಹರಾಜಿಗೆ ಹೋಗಿತ್ತು. ಕೆಮ್ಮಿದರೆ ಗೋಡೆಗಳು ತಿರುಗಿ ಕೆಮ್ಮುತ್ತಿದ್ದವು. ತಂತಿಯ ಮೇಲೆ ಬಟ್ಟೆ ಕಾಣಲಿ ಎಂದು ಆಕೆ ತಮ್ಮ ಸತ್ತ ಗಂಡನ ಅಂಗಿಗಳನ್ನು ಬಿಟ್ಟುಹೋಗಿದ್ದರು. ಯಾರೂ ತೊಡದ, ಕೊಳೆಯೇ ಆಗದ ಆ ಅಂಗಿಗಳನ್ನು ಒಗೆದು ಒಣಗಿಹಾಕುತ್ತಿದ್ದೆ. ಎಷ್ಟೋ ದಿನ ಬಾಯಿಬಿಟ್ಟು ಒಂದು ಮಾತೂ ಆಡಿರುತ್ತಿರಲಿಲ್ಲ.

ಎದುರು ಮನೆಯಲ್ಲಿ ವಯಸ್ಸಾದ ತಮಿಳು ಹೆಂಗಸೊಬ್ಬರಿದ್ದರು. ಒಂದು ದಿನ ಗೇಟಿನ ಬಳಿ ನಿಂತು ಕೇಳಿದರು:

"ಏನಪ್ಪಾ, ಮನೆಯವಳು ಹೊರಗೇ ಬರಲ್ವಲ್ಲ?"

"ಹುಷಾರಿಲ್ಲಮ್ಮ, ಮಲಗಿದಾಳೆ."

ಮಾರನೆಯ ದಿನ ಮೆಣಸಿನ ಸಾರು ಬಂತು. ಆಮೇಲೆ ಎರಡು ದಿನಕ್ಕೊಮ್ಮೆ ಬರುತ್ತಲೇ ಇತ್ತು. ಖಾಲಿ ಅಡುಗೆಮನೆಯಲ್ಲಿ ಕೂತು ನಾನೇ ಉಂಡು, ಪಾತ್ರೆ ತೊಳೆದು, "ಜ್ವರ ಇಳಿದಿದೆ, ಕೆಮ್ಮು ಇದೆ" ಎಂದು ಹೇಳಿ ಬರುತ್ತಿದ್ದೆ. ಹೇಳಿ ಹೇಳಿ ನನಗೇ ಏನೋ ಆಯಿತು. ಸಂಜೆ ಮೂಲೆಯ ಕೋಣೆಯ ಕಿಟಕಿಯನ್ನು, ಒಳಗೆ ಯಾರೋ ಮಲಗಿದ್ದಾರೆಂಬಂತೆ, ಸದ್ದಾಗದ ಹಾಗೆ ಮುಚ್ಚತೊಡಗಿದೆ.

ಒಂದು ಮಧ್ಯಾಹ್ನ ಆ ಅಮ್ಮ ಸೀದಾ ವರಾಂಡಕ್ಕೇ ಬಂದರು. ಕೈಯಲ್ಲಿ ಮಡಿಸಿದ ಹಳೆಯ ಸೀರೆಯಿತ್ತು.

"ಒಳಗೆ ಯಾರೂ ಇಲ್ಲ, ಅಲ್ವಾ?"

ನಾನು ತಲೆ ತಗ್ಗಿಸಿದೆ. "ಯಾವಾಗ ಗೊತ್ತಾಯ್ತಮ್ಮ?"

"ಮೊದಲ್ನೇ ವಾರಾನೇ. ಹೆಂಗಸಿರೋ ಮನೇಲಿ ಒಂದಿನಾನಾದ್ರೂ ಸೀರೆ ಒಣಗ್ಹಾಕಲ್ವಾ?"

"ಮತ್ತೆ ಸಾರು ಯಾಕೆ ತಂದ್ಕೊಡ್ತಿದ್ರಿ?"

"ನೀನು ಉಣ್ಬೇಕಲ್ಲಪ್ಪ," ಎಂದು ಸೀರೆಯನ್ನು ನನ್ನ ಕೈಗಿಟ್ಟರು. "ಇದನ್ನ ತಂತಿ ಮೇಲೆ ಹಾಕು. ಕಳ್ಳರಿಗೂ ಕಣ್ಣಿರುತ್ತೆ."

ಹದಿನೈದು ದಿನದೊಳಗೆ ಇಬ್ಬರು ಬಂದರು. ಮನೆ ಕೊಳ್ಳುವವರು ಎಂದರು. ಮನೆ ನೋಡಲು ದಲ್ಲಾಳಿ ಕೊಡುವ ಚೀಟಿ ಅವರ ಬಳಿ ಇರಲಿಲ್ಲ. ಒಬ್ಬ ನನ್ನೊಂದಿಗೆ ಮಾತಾಡುತ್ತಿದ್ದರೆ ಇನ್ನೊಬ್ಬ ಹಿಂಬದಿಯ ಬಾಗಿಲ ಕಡೆ ನಡೆದಿದ್ದ. ಆಗ ಎದುರು ಮನೆಯಿಂದ ಆ ಅಮ್ಮನ ದೊಡ್ಡ ದನಿ ಬಂತು: "ನಿನ್ ಹೆಂಡ್ತಿಗೆ ಕಷಾಯ ಕೊಟ್ಯಾ? ಎದ್ದಿದ್ರೆ ಹೇಳು, ನಾನೂ ನನ್ ಮಕ್ಕಳೂ ಬರ್ತೀವಿ." ಹಿಂಬದಿಗೆ ಹೊರಟಿದ್ದವನು ತಂತಿಯ ಮೇಲಿನ ಸೀರೆಯನ್ನು ನೋಡಿ ಅಲ್ಲೇ ನಿಂತ. ಇಬ್ಬರೂ ನಾಳೆ ಬರುತ್ತೇವೆಂದು ಹೋದವರು ಮತ್ತೆ ಬರಲಿಲ್ಲ. ಆ ಅಮ್ಮನ ಗಂಡುಮಕ್ಕಳು ಆಗ ಮನೆಯಲ್ಲೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಮಳೆಗಾಲ ಕಳೆದ ಮೇಲೆ ಶಿವಾಜಿನಗರದ ಮರದ ವ್ಯಾಪಾರಿಯೊಬ್ಬರು ಮನೆ ಕೊಂಡರು. ಅವರ ಸಂಸಾರ ಮೂರು ಜಟಕಾಗಳಲ್ಲಿ ಬಂದಿಳಿಯಿತು. ಮಕ್ಕಳು ಏಳೂ ಕೋಣೆಗಳಲ್ಲಿ ಓಡಾಡಿದರು. ನಾನು ಬೀಗದ ಕೈ ಗೊಂಚಲನ್ನು ಒಪ್ಪಿಸಿದೆ. ಆ ಅಮ್ಮ ಮಗಳ ಬಾಣಂತನಕ್ಕೆಂದು ವೆಲ್ಲೂರಿಗೆ ಹೋಗಿದ್ದರು. ಹೇಳಿ ಹೋಗುವುದಕ್ಕೂ ಆಗಲಿಲ್ಲ.

ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆ ಕೇಳಿದರು: "ಅಷ್ಟು ದೊಡ್ಡ ಮನೇಲಿ ಒಬ್ನೇ, ಬೇಜಾರಾಗ್ಲಿಲ್ವಾ?"

ಇಲ್ಲ ಎಂದೆ. ಎಲ್ಲವನ್ನೂ ಹೇಳಬೇಕೆನ್ನಿಸಿತು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೈ ತೊಳೆಯಲು ಎದ್ದೆ.