ಮಗಳ ಎದುರು ಕೂತ ಊಟ

ದಾದರ್ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ದೂಜಣ್ಣ ವೇಟರ್. ಮೀಸೆ ಮೂಡುವ ಮೊದಲೇ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವನು. ಈಗ ಆ ಮೀಸೆಗೆ ಬಣ್ಣ ಹಚ್ಚುವ ಉತ್ಸಾಹವೂ ಮುಗಿದಿದೆ. ಹಗಲಿಡೀ ನಿಂತೂ ನಿಂತೂ ಕಾಲಿನ ನರಗಳು ಗಂಟುಕಟ್ಟಿವೆ. ನಾಲಾಸೋಪಾರಾದ ಮನೆಯಿಂದ ಬೆಳಗಿನ ಲೋಕಲ್ ಹಿಡಿದು ಹೊರಟವನು ನಡುರಾತ್ರಿ ಮರಳುವಾಗ ಹೆಂಡತಿ ವಾರಿಜಾ ನಿದ್ದೆಗಣ್ಣಲ್ಲಿ ಬಾಗಿಲು ತೆರೆದು ಮತ್ತೆ ಹೋಗಿ ಮಲಗುತ್ತಾಳೆ.

ಅವನ ಊಟವೆಲ್ಲ ಹೋಟೆಲಿನಲ್ಲೇ. ಅದನ್ನು ಊಟ ಎನ್ನುವುದೂ ಹೆಚ್ಚಾಯಿತು. ಗಿರಾಕಿಗಳ ನಡುವೆ ಚೂರು ಬಿಡುವು ಸಿಕ್ಕಿದರೆ ಅಡುಗೆಮನೆಯ ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತು, ಯಾರಾದರೂ ಕೂಗುವುದರೊಳಗೆ ನುಂಗಿ ಬರುವುದು. ಭಾನುವಾರ, ಹಬ್ಬ, ಶಾಲೆಯ ರಜೆ, ಊರಿಗೆಲ್ಲ ಬಿಡುವಾದಾಗಲೇ ಹೋಟೆಲಿನವನಿಗೆ ಕತ್ತೆದುಡಿತ. ವರ್ಷಕ್ಕೊಮ್ಮೆ ಊರಿಗೆ ಹೋದರೂ ನೆಂಟರ ಮನೆಯಲ್ಲಿ "ದೂಜಣ್ಣ ಇದ್ದಾನಲ್ಲ" ಎಂದು ಬಡಿಸುವ ಬಕೆಟನ್ನು ಅವನ ಕೈಗೇ ಕೊಡುತ್ತಾರೆ. ಹೀಗಾಗಿ ಮಗಳು ನಿಶ್ಮಿತಾ ಅಪ್ಪನ ಎದುರು ಕೂತು ಒಂದು ಹೊತ್ತೂ ಉಂಡವಳಲ್ಲ. ಸುಳ್ಳು ಅನ್ನಿಸಿದರೆ ಹೋಟೆಲಿನವರ ಮಕ್ಕಳನ್ನು ಕೇಳಿ ನೋಡಿ.

ಬರುವ ತಿಂಗಳು ಅವಳ ಮದುವೆ, ಆಮೇಲೆ ಪುಣೆ. ಬಾಂದ್ರಾದ ಆಫೀಸಿಗೆ ತನ್ನದೇ ಬೈಕಿನಲ್ಲಿ ಹೋಗಿಬರುವ ಹುಡುಗಿ. ಒಂದು ದಿನ ಅಪ್ಪನಿಗೆ ಹೇಳಿಯೇಬಿಟ್ಟಳು.

"ಪಪ್ಪ, ನಂಗೆ ಬಂಗಾರ ಎಲ್ಲ ಬೇಡ. ಶಾದಿಯ ಮೊದಲು ಒಂದ್ಸಲ ನಿಮ್ಮ ಎದುರು ಕೂತು ಊಟ ಮಾಡ್ಬೇಕು. ಬಸ್, ಅಷ್ಟೇ."

"ಅದಕ್ಕೆಂತ, ಹೋಟೆಲಿಗೆ ಬಾ."

"ಅಲ್ಲಿ ನೀವು ಕೂರ್ತೀರಾ?"

ಸಾವು, ಜ್ವರ ಎರಡಕ್ಕೆ ಬಿಟ್ಟರೆ ರಜೆ ಕೊಡದ ಧಣಿಗಳ ಹತ್ತಿರ ದೂಜಣ್ಣ ಇಲ್ಲದ ಜ್ವರ ಹೇಳಿ ಒಂದು ಮಂಗಳವಾರ ರಜೆ ಪಡೆದ.

ಆ ಬೆಳಗ್ಗೆ ಮಗಳ ಬೈಕಿನ ಹಿಂದೆ ಕೂತ. ಹೈವೇಯ ಗಾಳಿ ಮುಖಕ್ಕೆ ತಾಗಿದ್ದೇ ತಡ, ವರ್ಷಗಳ ನಿದ್ದೆಯೆಲ್ಲ ಒಟ್ಟಿಗೆ ಬಂತು. ಅವನ ಹೆಲ್ಮೆಟ್ಟು ಮಗಳ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿದಾಗಲೆಲ್ಲ ಅವಳು ಕೂಗುತ್ತಿದ್ದಳು: "ಪಪ್ಪ, ಸೋನಾ ಮತ್! ನಿದ್ದೆ ಮಾಡ್ಬೇಡಿ, ಬೀಳ್ತೀರಿ!" ವೈತರಣಾ ನದಿ ದಾಟಿದ್ದು, ಸಫಾಳೆಯ ಕಡೆಗಿನ ಗುಡ್ಡ ಹತ್ತಿಳಿದದ್ದು ಯಾವುದೂ ಅವನಿಗೆ ಸರಿಯಾಗಿ ನೆನಪಿಲ್ಲ. ಒಣಮೀನಿನ ವಾಸನೆ ಮೂಗಿಗೆ ಬಡಿದಾಗಲೇ ಪೂರ್ತಿ ಎಚ್ಚರ. ಎದುರಿಗೆ ಹಿನ್ನೀರಿನ ಖಾಡಿ, ದಡದ ಕೆಸರಿನಲ್ಲಿ ವಾಲಿ ನಿಂತ ದೋಣಿಗಳು, ಬಿದಿರ ಗಳುಗಳ ಮೇಲೆ ಸಾಲಾಗಿ ತೂಗುವ ಬೊಂಬಿಲ್ ಮೀನು. ಪೇಟೆ ಎಂದರೆ ಒಂದೇ ಬೀದಿ. ಅದರ ಕೊನೆಯಲ್ಲಿ ಗಂಗುಬಾಯಿ ಎಂಬ, ಮೀನುಗಾರರ ಕೋಳಿ ಜಾತಿಯ ಹೆಂಗಸಿನ ಖಾನಾವಳಿ.

ಅಲ್ಲಿ ದೂಜಣ್ಣನಿಗೆ ಕೂರಲು ಬರಲಿಲ್ಲ. ಬೆಂಚಿನ ತುದಿಯಲ್ಲಿ, ಈಗಲೋ ಆಗಲೋ ಏಳುವವನ ಹಾಗೆ ಕೂತ. ಪಕ್ಕದ ಮೇಜಿನವನ ಲೋಟ ಖಾಲಿಯಾದದ್ದೇ ಕೈ ತಾನಾಗಿ ನೀರಿನ ಜಗ್ಗಿನತ್ತ ಹೋಯಿತು. ನಿಶ್ಮಿತಾ ಮಣಿಕಟ್ಟು ಹಿಡಿದಳು.

"ಇವತ್ತು ನೀವು ಗಿರಾಕಿ."

ಗಂಗುಬಾಯಿ ಎರಡು ತಟ್ಟೆ ತಂದಿಟ್ಟಳು. ಅಕ್ಕಿಭಾಕ್ರಿ ರೊಟ್ಟಿ, ಅನ್ನ, ಪುನರ್ಪುಳಿಯ ಗುಲಾಬಿ ಬಣ್ಣದ ಸೋಲ್ ಕಢಿ, ನಡುವೆ ಬಟ್ಟಲಿನ ಮಸಾಲೆಯಲ್ಲಿ ಬಾಯಿ ತೆರೆದ ತಿಸ್ರ್ಯಾ. ನಮ್ಮ ಕಡೆ ಮರುವಾಯಿ ಎನ್ನುವ ಚಿಪ್ಪುಮೀನೇ. ಅಪ್ಪನಿಗೆ ಅದೆಂದರೆ ಪ್ರಾಣ ಎಂದು ವಾರಿಜಾಳಿಂದ ತಿಳಿದೇ ಮಗಳು ಈ ಊರು ಹುಡುಕಿದ್ದಳು. ದೂಜಣ್ಣ ಮೊದಲ ಚಿಪ್ಪು ಬಿಡಿಸಿ ಬಾಯಿಗಿಟ್ಟ. ರುಚಿ ನಾಲಿಗೆಗೆ ಹತ್ತಿತು, ತಲೆ ತಗ್ಗಿತು.

ತಲೆ ಎತ್ತುವಾಗ ಅವನು ಖಾನಾವಳಿಯ ಅಂಗಳದ ಬಾವಿಕಟ್ಟೆಯ ಹತ್ತಿರ ನಿಂತಿದ್ದ. ಕೈಯಲ್ಲಿ ತೊಳೆದ ತಟ್ಟೆ. ಉಂಡದ್ದು, ಎದ್ದದ್ದು, ತಟ್ಟೆ ಉಜ್ಜಿದ್ದು ಎಲ್ಲ ಅವನಿಗೆ ತಿಳಿಯದೆಯೇ ಆಗಿಹೋಗಿತ್ತು. ತಿರುಗಿ ನೋಡಿದರೆ ಮಗಳು ಮೊದಲ ತುತ್ತನ್ನು ಕೈಯಲ್ಲೇ ಹಿಡಿದು ಅವನನ್ನು ನೋಡುತ್ತಿದ್ದಳು.

ಇಷ್ಟು ದೂರ ಕರೆತಂದ ಹುಡುಗಿಗೆ ತಾನು ಮಾಡಿದ್ದೇನು? ಬಂದು ಕೂತ. ಎಂಜಲಿಲ್ಲದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಅವಳು ಬಯ್ಯಲಿಲ್ಲ. ಅನ್ನಕ್ಕೆ ಕಢಿ ಕಲಸಿ ಮೆಲ್ಲಗೆ ಉಣ್ಣತೊಡಗಿದಳು. ಅವಳ ತಟ್ಟೆಯಲ್ಲಿ ಮರುವಾಯಿಯ ಬಟ್ಟಲು ಮುಟ್ಟದೆ ಹಾಗೇ ಇತ್ತು.

"ಅದು ಯಾಕೆ ಬಿಟ್ಟದ್ದು? ಒಳ್ಳೆದುಂಟು."

"ನಂಗೆ ಮರುವಾಯಿ ಆಗುದಿಲ್ಲ ಪಪ್ಪ. ಚಿಕ್ಕವಳಿರುವಾಗಿಂದ್ಲೂ. ಮೈಯೆಲ್ಲ ದದ್ದು ಬರ್ತದೆ."

"ಯಾರಿಗೆ ಗೊತ್ತು ಇದು?"

"ಮಮ್ಮಿಗೆ ಗೊತ್ತುಂಟು."

ದಿನಾ ಬರುವ ಪಾರ್ಸಿ ಮುದುಕನಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಬೇಕು, ಬ್ಯಾಂಕಿನ ಹೆಂಗಸಿಗೆ ಚಟ್ನಿಯಲ್ಲಿ ಬೆಳ್ಳುಳ್ಳಿ ಕೂಡದು. ದೂಜಣ್ಣನಿಗೆ ಇದೆಲ್ಲ ಬಾಯಿಪಾಠ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹೀಗೆ. ಅವನಿಗೆ ಅಳು ಬಂತು. ಸುಸ್ತಿನಿಂದಲೋ ನಾಚಿಕೆಯಿಂದಲೋ ಅವನಿಗೇ ಗೊತ್ತಾಗಲಿಲ್ಲ. ಮುಖ ಒರೆಸಿಕೊಂಡು, ಜೀವಮಾನವಿಡೀ ಗುರುತಿಲ್ಲದವರನ್ನೆಲ್ಲ ಕೇಳಿದ ಪ್ರಶ್ನೆಯನ್ನು ಮೊದಲ ಸಲ ಮಗಳಿಗೆ ಕೇಳಿದ.

"ಹಾಗಾದರೆ ನಿನಗೆ ಎಂತ ಬೇಕು ಮಗಾ? ಹೇಳು, ತಂದುಕೊಡ್ತೇನೆ."

ಹೇಳುತ್ತ ಹೇಳುತ್ತ ಅರ್ಧ ಎದ್ದಾಗಿತ್ತು.

"ಎಂತದೂ ಬೇಡ ಪಪ್ಪ," ಎಂದಳು ನಿಶ್ಮಿತಾ. "ಏಳ್ಬೇಡಿ."